ಶ್ರಾವಣ ಶುಕ್ರವಾರದ ಐದನೆಯವಳು

2023ರ ಜೂನ್‌ನಲ್ಲಿ ನಾನೂ ನನ್ನ ಗಂಡನೂ ಹಿರೇಕೆರೂರಿನ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಕೊಟ್ಟೆವು. ಅಷ್ಟರಲ್ಲಾಗಲೇ ನಾನು ಸವಣೂರಿನಲ್ಲಿ ಕೋಣೆಯೊಂದನ್ನು ಬಾಡಿಗೆ ಹಿಡಿದು, ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದೆ. ಆರು ತಿಂಗಳು ಕಾಯಬೇಕು ಎಂದರು ವಕೀಲರು.

ಆ ಶ್ರಾವಣದ ಮೊದಲ ಶುಕ್ರವಾರ ಮನೆಯ ಮಾಲಕಿ ನನ್ನ ಬಾಗಿಲಿಗೆ ಬಂದರು. ಅವರಲ್ಲಿ ಲಕ್ಷ್ಮೀಪೂಜೆಗೆ ಐವರು ಮುತ್ತೈದೆಯರನ್ನು ಕೂರಿಸಿ ಉಡಿ ತುಂಬುವ ರೂಢಿ. ಒಬ್ಬರು ಕಡಿಮೆ ಬಿದ್ದಿದ್ದರು.

“ಕೇಸ್ ಮುಗೀತೇನ ಯವ್ವಾ?”

“ಇಲ್ರಿ ಅಕ್ಕಾರ. ಇನ್ನೂ ಟೈಮ್ ಐತಿ.”

“ಹಂಗಾರ ಇನ್ನೂ ಮುತ್ತೈದಿನ ಅದೀ. ಬಾ.”

ಚಾಪೆಯ ಮೇಲಿದ್ದ ಹೆಂಗಸೊಬ್ಬರು, “ಪೇಪರಿನಾಕಿ ಬಂದ್ಲು, ಬಾಯಿ ಬಿಗಿ ಹಿಡೀರವ್ವಾ, ನಾಳೆ ಛಾಪಿಸ್ತಾಳ!” ಎಂದು ಎಲ್ಲರನ್ನೂ ನಗಿಸಿದರು. ನಾನು ಸೆರಗೊಡ್ಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ ಬಿದ್ದವು. ಐವರೂ ಒಂದೇ ಪಂಕ್ತಿಯಲ್ಲಿ ಉಂಡೆವು. ಆ ಊರಿಗೆ ಬಂದ ಮೇಲೆ ಇನ್ನೊಬ್ಬರ ಜೊತೆ ಕುಳಿತು ಉಂಡದ್ದು ಅಂದೇ ಮೊದಲು.

ಆರು ತಿಂಗಳು ಒಂದೂವರೆ ವರ್ಷ ದಾಟಿತು. ಒಮ್ಮೆ ನ್ಯಾಯಾಧೀಶರ ವರ್ಗಾವಣೆ, ಒಮ್ಮೆ ಗಂಡನ ಗೈರುಹಾಜರಿ. ಪ್ರತಿ ತಾರೀಖಿಗೂ ಶಿಗ್ಗಾಂವಿಯಲ್ಲೊಮ್ಮೆ, ಹಾನಗಲ್ಲಿನಲ್ಲೊಮ್ಮೆ ಬಸ್ ಬದಲಿಸಿ ಹೋಗುತ್ತಿದ್ದೆ. “ಮತ್ತ ಮುಂದಕ್ಕ ಹೋತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದು ಮರುವರ್ಷ ವಕೀಲರು ಒಂದು ಸಲ ಹೇಳಿದಾಗ ನನಗೆ ಬೇಸರವಾಗಲಿಲ್ಲ. ಹೊಸ ತಾರೀಖು ಶ್ರಾವಣ ಕಳೆದ ಮೇಲಿನದು. ಬಿಡುಗಡೆ ಬೇಡಿದವಳೇ ನಾನು. ಅದು ಸಿಕ್ಕ ದಿನ ಆ ಪಂಕ್ತಿಯಲ್ಲಿ ನನಗೆ ಜಾಗವಿರುವುದಿಲ್ಲ ಎಂಬುದೂ ಗೊತ್ತಿತ್ತು. ಆ ವರ್ಷದ ಶುಕ್ರವಾರಗಳಲ್ಲೂ ಹೋಗಿ ಕುಳಿತೆ.

2025ರ ಫೆಬ್ರವರಿಯಲ್ಲಿ ಆದೇಶವಾಯಿತು. ನ್ಯಾಯಾಲಯದ ಮೆಟ್ಟಿಲ ಬಳಿ, ಅಲ್ಲಿಯತನಕ ಗಂಡನಾಗಿದ್ದವರು, “ಬಸ್‌ಸ್ಟ್ಯಾಂಡ್‌ತನಕ ಬಿಡ್ಲೇನು?” ಎಂದು ಕೇಳಿದರು.

“ಬ್ಯಾಡ್ರಿ. ನಡಕೋತ ಹೋಗ್ತೇನಿ.”

ಸವಣೂರಿನಲ್ಲಿ ಯಾರಿಗೂ ಹೇಳಲಿಲ್ಲ. ಕೇಳುವವರೂ ಇರಲಿಲ್ಲ. ಶ್ರಾವಣ ಹಿಡಿದ ಮೇಲೆ ಒಂದು ಗುರುವಾರ ಸಂಜೆ ಮಾಲಕಿ ಬಂದು, “ಕೇಸ್ ಎಲ್ಲಿಗೆ ಬಂತ?” ಎಂದರು. ನಡೆದಿದೆ ಎಂದಿದ್ದರೆ ಸಾಕಿತ್ತು. ಹಿರೇಕೆರೂರಿಗೆ ಹೋಗಿ ಕಡತ ನೋಡುವವರಲ್ಲ ಅವರು.

“ಮುಗೀತ್ರಿ” ಎಂದೆ.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ನಾ ಕೇಳಬಾರದಿತ್ತ ಯವ್ವಾ.”

ಮರುದಿನ ಮಧ್ಯಾಹ್ನ ತಾಟಿನಲ್ಲಿ ಹೋಳಿಗೆ, ಅನ್ನ, ಕಟ್ಟಿನ ಸಾರು ತಂದು ಬಾಗಿಲಲ್ಲೇ ಕೊಟ್ಟು ಹೋದರು. ಮುಂದಿನ ಶುಕ್ರವಾರವೂ ತಂದುಕೊಟ್ಟರು. ಐದನೆಯವರಾಗಿ ಹಿಂದಿನ ಓಣಿಯ ಹೊಸ ಸೊಸೆ ಬಂದು ಕುಳಿತಿದ್ದರು.