ಬೋಲ್ಟು ಯಾವ ಕಡೆ ತಿರುಗಿತ್ತು

ಮುಚ್ಚಿದ್ದನ್ನು ಕಂಡರೆ ಬಿಚ್ಚಿ ನೋಡಬೇಕೆನ್ನುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾದ ಮೇಲೆ ಈ ಚಪಲಕ್ಕೆ ಸಂಬಳವೂ ಬರತೊಡಗಿತು; ಮೊಗ್ಗು ಬಿಡಿಸಿ ತೋರಿಸಿದರೆ ಯಾರೂ ಬೈಯುವುದಿಲ್ಲ. ಮನೆಯ ಮಾತು ಬೇರೆ. ನಾನು ಬಿಚ್ಚಿದ ಗಡಿಯಾರ, ಮಿಕ್ಸಿಗಳನ್ನು ಮತ್ತೆ ಜೋಡಿಸಿದಾಗ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತವೆ. ಅವು ಕಂಪನಿಯವರು ಹೆಚ್ಚಿಗೆ ಹಾಕಿದ್ದವು ಎಂದು ನಾನು ಹೇಳುತ್ತೇನೆ. ನನ್ನ ಹೆಂಡತಿ ಗಿರಿಜಾ ಮಾತಾಡದೆ ಅವನ್ನು ಡಬ್ಬಿಯೊಂದಕ್ಕೆ ಹಾಕಿಡುತ್ತಾಳೆ.

ಹೋದ ಬೇಸಿಗೆಯಲ್ಲಿ ನಮ್ಮ ಹನ್ನೊಂದು ವರ್ಷದ ಕಾರಿನ ಇಂಜಿನ್ನಿನಿಂದ ಕೂಲಂಟ್, ಅಂದರೆ ಇಂಜಿನ್ನನ್ನು ತಣ್ಣಗಿಡುವ ಹಸಿರು ನೀರು, ತೊಟ್ಟಿಕ್ಕತೊಡಗಿತು. ದಾವಣಗೆರೆಯ ವಿನೋಬನಗರದ ಮೆಕ್ಯಾನಿಕ್ ದಾದಾಪೀರ್ ಶನಿವಾರ ಎಸ್.ಎಸ್. ಬಡಾವಣೆಯ ನಮ್ಮ ಮನೆಗೇ ಬಂದು ಬಗ್ಗಿ ನೋಡಿದ. ನೀರು ಸೋರುತ್ತಿದ್ದ ಮುಚ್ಚಳವನ್ನು ಎರಡು ಬೋಲ್ಟುಗಳು ಹಿಡಿದಿದ್ದವು.

"ಎರಡೂ ತುಕ್ಕು ಹಿಡಿದು ಕಚ್ಚಿಕೊಂಡಾವ ಸಾರ್. ಎಣ್ಣಿ ಬಿಟ್ಟೀನಿ, ಕುಡೀಲಿ. ಸೋಮವಾರ ಬಂದು ಬಿಚ್ತೀನಿ. ಅಲ್ಲೀತನಕ ಮುಟ್ಟಬ್ಯಾಡ್ರಿ" ಎಂದು ಹೋದ.

ಮುಟ್ಟಬೇಡ ಎಂದು ಅವನು ಹೇಳಬಾರದಿತ್ತು.

ಬೋಲ್ಟೆಂದರೆ ಕಡ್ಡಿಗೆ ಸುತ್ತಿದ ಇಳಿಜಾರು, ಅಷ್ಟೆ. ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ಪೆನ್ಸಿಲಿಗೆ ಸುತ್ತಿ ನೋಡಿ, ಅದರ ಅಂಚು ಘಾಟಿ ರಸ್ತೆಯಂತೆ ಸುತ್ತುತ್ತ ಮೇಲೇರುತ್ತದೆ. ಬೀನ್ಸ್ ಬಳ್ಳಿ ಕೋಲು ಹತ್ತುವುದೂ ಮಾಮೂಲಿ ಬೋಲ್ಟಿನ ಸುರುಳಿಯೂ ಒಂದೇ ದಿಕ್ಕಿನವು. ವರ್ಷ ವರ್ಷವೂ ಇದನ್ನು ತರಗತಿಯಲ್ಲಿ ಹೇಳುವವನಿಗೆ ಬೋಲ್ಟನ್ನು ಯಾವ ಕಡೆ ತಿರುಗಿಸಬೇಕೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಬೋಲ್ಟುಗಳು ಇಂಜಿನ್ನಿನ ಹಿಂಬದಿಯಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದವು. ಭಾನುವಾರ ಗಿರಿಜಾ ನಿಜಲಿಂಗಪ್ಪ ಬಡಾವಣೆಯ ಅಕ್ಕನ ಮನೆಗೆ ಹೋದದ್ದೇ ತಡ, ನಾನು ಅವಳ ಕೈಗನ್ನಡಿಯನ್ನು ಇಂಜಿನ್ನಿನ ಹಿಂದೆ ಇಳಿಬಿಟ್ಟು, ಅದರಲ್ಲಿ ನೋಡುತ್ತ ಸ್ಪ್ಯಾನರ್ ಹಾಕಿದೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಎಂಬುದನ್ನು ಮರೆತೆ. ಬಿಚ್ಚುತ್ತಿದ್ದೇನೆಂದುಕೊಂಡು ಮೈಯೆಲ್ಲ ಬೆವರಾಗುವಷ್ಟು ಬಿಗಿ ಮಾಡಿದೆ.

ಮೊದಲನೆಯದು ಸ್ವಲ್ಪ ಹೊತ್ತಿಗೆ ಸರಾಗವಾಗಿ ತಿರುಗತೊಡಗಿತು. ಗೆದ್ದೆ ಎಂದುಕೊಂಡೆ. ಹೊರಗೆಳೆದರೆ ಅದರ ಸುರುಳಿಗಳ ತುಂಬ ಬೆಳ್ಳಿಯ ಚೂರಿನಂತೆ ಏನೋ ಹೊಳೆಯುತ್ತಿತ್ತು. ಅದು ಇಂಜಿನ್ನಿನ ಅಲ್ಯೂಮಿನಿಯಂ. ರಂಧ್ರದೊಳಗಿನ ಥ್ರೆಡ್ಡೆಲ್ಲ, ಅಂದರೆ ಬೋಲ್ಟು ಹಿಡಿದುಕೊಳ್ಳುವ ಸುರುಳಿಯೆಲ್ಲ, ಕಿತ್ತು ಬಂದಿತ್ತು. ಎರಡನೆಯದಕ್ಕೆ ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಜಗ್ಗಿದೆ. ಟಪ್ ಎಂದಿತು. ಬೋಲ್ಟಿನ ತಲೆ ಕಳಚಿ ಬಂತು, ಮೈ ಒಳಗೇ ಉಳಿಯಿತು. ಹಸಿರು ನೀರು ಅಂಗಳದಲ್ಲಿ ಹರಿಯಿತು.

ಸಂಜೆ ಗಿರಿಜಾ ಬಂದವಳು ಕೇಳಿದಳು, "ಏನ್ರೀ ಇದು?"

"ದಾದಾಪೀರ್ ನಿನ್ನೆ ಜೋರಾಗಿ ತಿರುವಿದ್ನಲ್ಲ, ಆಗಲೇ ಸೀಳಿರಬೇಕು. ನಾನು ಮುಟ್ಟಿದ ಕೂಡಲೇ ಕೈಗೆ ಬಂತು."

ಅಷ್ಟು ನಯವಾದ ವಾಕ್ಯ ನನ್ನ ಬಾಯಿಂದ ಎಂದೂ ಬಂದಿರಲಿಲ್ಲ. ಗಿರಿಜಾ ನೇರ ಮಾತಿನವಳು. ದಾದಾಪೀರನಿಗೂ ಫೋನ್ ಮಾಡಿದಳು, ಅಕ್ಕ ಸುಮಿತ್ರಾಗೂ ಮಾಡಿದಳು. ಸೋಮವಾರ ಬೆಳಿಗ್ಗೆಯೇ ಸುಮಿತ್ರಾ ಮನೆಯ ಕಾರು, ಅವರ ಪಕ್ಕದ ಮನೆಯ ಕಾರು, ಎರಡೂ ದಾದಾಪೀರನ ಶೆಡ್ಡು ಬಿಟ್ಟು ಬೇರೆ ಕಡೆಗೆ ಹೋದವು.

ಆದರೂ ಅವನು ಹೇಳಿದ ಹೊತ್ತಿಗೆ ಬಂದ. ಟಾರ್ಚ್ ಹಾಕಿ ಇಂಜಿನ್ನಿನ ಹಿಂದೆ ನೋಡಿದ, ಅಲ್ಲಿಟ್ಟಿದ್ದ ಬೋಲ್ಟು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಕರಿಬೇವಿನ ಗಿಡ ನೋಡಿದೆ.

"ಹರಿಹರದಾಗ ನಮ್ಮ ಉಸ್ತಾದ್ ಅದಾರ. ಈ ಕೆಲಸ ಅವರಿಂದಲೇ ಆಗ್ಬೇಕು" ಎಂದಷ್ಟೇ ಹೇಳಿ, ತನ್ನ ಪಿಕಪ್ ಗಾಡಿಗೆ ನಮ್ಮ ಕಾರನ್ನು ಹಗ್ಗದಿಂದ ಕಟ್ಟಿದ. ಇನ್ನೊಮ್ಮೆ ಕೆಡಿಸದಂತೆ ನೋಡಿಕೊಳ್ಳಲು ಗಿರಿಜಾ ಅವನ ಪಕ್ಕ ಕೂತಳು. ಎಳೆಸಿಕೊಳ್ಳುವ ಕಾರಿನ ಸ್ಟೀರಿಂಗ್ ಹಿಡಿದು ನಾನು ಹಿಂದೆ. ಮುಂದಿನ ಗಾಜಿನಾಚೆ ಅವರಿಬ್ಬರ ಬೆನ್ನು ಕಾಣುತ್ತಿತ್ತು. ಅವಳ ಮಾತು ಕೇಳಿಸದಿದ್ದರೂ ಕೈ ಆಡುವುದು ಕಾಣುತ್ತಿತ್ತು. ದಾದಾಪೀರನ ತಲೆ ಮಾತ್ರ ಹೂಂ, ಹೂಂ ಎನ್ನುವಂತೆ ಅಲ್ಲಾಡುತ್ತಿತ್ತು. ಹರಿಹರ ಅಷ್ಟು ದೂರವಿದೆಯೆಂದು ನನಗೆ ಅಂದೇ ಗೊತ್ತಾದದ್ದು.

ಉಸ್ತಾದ್ ರುದ್ರಪ್ಪನವರು ಕಾರ್ಖಾನೆಯ ಲೇಥ್ ಯಂತ್ರದ ಮುಂದೆ ಜೀವಮಾನ ಕಳೆದು, ಈಗ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿರುವ ಮುದುಕರು. ಇಂಜಿನ್ ನೋಡುವ ಮೊದಲು ಬೋಲ್ಟುಗಳನ್ನು ಕೇಳಿದರು. ಒಂದರ ಆರು ಮೂಲೆಯ ತಲೆಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಸವರಿದರು.

"ಯಾರು ತಿರುವಿದ್ದು ಇದನ್ನ?"

ನಾನು ಶೆಡ್ಡಿನ ತಗಡು ನೋಡಿದೆ.

"ನೋಡವ್ವ" ಎಂದು ಅವರು ಗಿರಿಜಾಳನ್ನೇ ಕರೆದರು. "ಬಿಚ್ಚಾಕ ಹೋದ್ರ ಮೂಲಿ ಈ ಕಡಿ ಸವೀತೈತೆ. ಇದು ಆ ಕಡಿ ಸವದೈತೆ. ಇದನ್ನ ಬಿಚ್ಚಿಲ್ಲ, ಬಿಗಿ ಮಾಡ್ಯಾರ."

ತಪ್ಪೊಪ್ಪಿಗೆಯನ್ನು ಕಬ್ಬಿಣದ ಮೇಲೂ ಓದಬಹುದೆಂದು ತಿಳಿದು ನನಗೆ ಭಯದ ನಡುವೆಯೂ ಕುತೂಹಲವಾಯಿತು. ಇನ್ನೊಮ್ಮೆ ತೋರಿಸಿ ಎಂದು ಕೇಳುವವನಿದ್ದೆ. ಅಷ್ಟರಲ್ಲಿ ದಾದಾಪೀರ್, "ನಾನೇ ಉಸ್ತಾದ್. ಕೈ ತಪ್ಪಿತು" ಎಂದ.

"ನೀನಾ?" ಮುದುಕರ ಮುಖ ಸಣ್ಣದಾಯಿತು. "ಎಂಟು ವರ್ಷ ನನ್ನ ಹತ್ರ ಕಲ್ತು, ಯಾವ ಕಡಿ ತಿರುವಬೇಕು ಅಂತ ಗೊತ್ತಾಗ್ಲಿಲ್ಲೇನು ನಿನಗ?"

ಅವನು ತಲೆ ತಗ್ಗಿಸಿ ನಿಂತ. ಗಿರಿಜಾಳ ಬೈಗುಳವನ್ನು ದಾರಿಯುದ್ದಕ್ಕೂ ನುಂಗಿದ್ದ ಆ ಮುಖ ಈ ಒಂದು ಮಾತಿಗೆ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ.

"ಅವನಲ್ಲ, ನಾನು ತಿರುವಿದ್ದು. ಕನ್ನಡಿಯಲ್ಲಿ ನೋಡಿಕೊಂಡು ತಿರುವಿದೆ. ಅವನು ಎಣ್ಣೆ ಬಿಟ್ಟದ್ದಷ್ಟೆ, ಮುಟ್ಟಬೇಡ ಅಂತಲೂ ಹೇಳಿದ್ದ."

ಗಿರಿಜಾ ನನ್ನ ಕಡೆ ನೋಡಲಿಲ್ಲ. ದಾದಾಪೀರನ ಕಡೆ ತಿರುಗಿ, "ಯಾಕಪ್ಪ ಒಪ್ಪಿಕೊಂಡಿ?" ಎಂದಳು.

"ನನ್ನ ಮಗಳಿಗೆ ಪಾಠ ಹೇಳೋ ಮೇಷ್ಟ್ರು ಅಕ್ಕ. ನಿಮ್ಮ ಮುಂದ ಅವರ ತಲಿ ತಗ್ಗಸೋದು ಹೆಂಗೆ?"

ನನಗೆ ಆಗ ಏನನ್ನಿಸಿತೆಂದು ಬರೆಯಲು ಹೊರಟರೆ ಮತ್ತೆ ನಯವಾದ ವಾಕ್ಯಗಳೇ ಬಂದಾವು, ಬೇಡ.

ರುದ್ರಪ್ಪನವರು ನಮ್ಮ ಸಂಸಾರವನ್ನು ಅಲ್ಲಿಗೇ ಬಿಟ್ಟು ಕೆಲಸಕ್ಕೆ ಕೂತರು. ಮುರಿದ ಬೋಲ್ಟಿನ ಮೋಟಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿದರು. ಬಿಸಿಯಿದ್ದಾಗಲೇ ಮೇಣದ ಬತ್ತಿ ಮುಟ್ಟಿಸಿದರು. ಮೇಣ ಕರಗಿ ಸಂದಿಗಿಳಿಯಿತು. ಆಮೇಲೆ ಸ್ಪ್ಯಾನರ್ ಹಾಕಿ, ಬಿಚ್ಚುವ ಬದಲು ಕೂದಲೆಳೆಯಷ್ಟು ಬಿಗಿ ಮಾಡಿದರು. ನಾನು ಬೆಚ್ಚಿದೆ. "ಒಂದೀಟು ಮುಂದ, ಒಂದೀಟು ಹಿಂದ. ಜಿದ್ದಿಗೆ ಬಿದ್ರ ಮುರೀತೈತೆ" ಎಂದರು. ಹಿಂದೆ ಮುಂದೆ ಆಡಿಸುತ್ತ ಆಡಿಸುತ್ತ, ಕಿರ್ರೆನ್ನುತ್ತ ಅದು ಹೊರಬಂತು. ಥ್ರೆಡ್ ಹೋದ ರಂಧ್ರವನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಕತ್ತರಿಸಿ, ಅದರೊಳಗೆ ಸ್ಪ್ರಿಂಗಿನಂಥ ಗಟ್ಟಿ ತಂತಿಯ ಸುರುಳಿಯೊಂದನ್ನು ಕೂಡಿಸಿದರು. ಹೊಸ ಬೋಲ್ಟು ಆ ಸುರುಳಿಯನ್ನು ಹಿಡಿದುಕೊಂಡಿತು. "ಮೊದಲಿಗಿಂತ ಗಟ್ಟಿ" ಎಂದರು. ಅಳುಕುತ್ತಲೇ ನಾನು ಕೇಳಿದ್ದಕ್ಕೆ, ಸವೆದ ಮೂಲೆಯನ್ನು ನನ್ನ ಬೆರಳಿಗೂ ಮುಟ್ಟಿಸಿ ತೋರಿಸಿದರು.

ಸಂಜೆ ಕಾರು ತನ್ನ ಕಾಲ ಮೇಲೆ ತಾನೇ ದಾವಣಗೆರೆಗೆ ಬಂತು. ಊರು ಸಮೀಪಿಸಿದ ಮೇಲೆ ಗಿರಿಜಾ ಬಾಯಿ ಬಿಟ್ಟಳು. "ಅಕ್ಕಗ ನಾನು ಫೋನ್ ಮಾಡಂಗಿಲ್ಲ. ನೀವೇ ಹೋಗಿ ಹೇಳ್ರಿ."

ಹೋದೆ. ಸುಮಿತ್ರಾ ಚಹಾ ಮಾಡಲು ಒಳಗೆ ಹೋಗಿದ್ದರು. ಅವರ ಗಂಡ, ನನ್ನ ಷಡ್ಡಕರಾದ ಶಂಕರಪ್ಪನವರ ಮುಂದೆ ಕನ್ನಡಿಯಿಂದ ಹಿಡಿದು ಕೊನೆಯವರೆಗೂ ಒಂದೂ ಬಿಡದೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ದನಿ ತಗ್ಗಿಸಿ, "ಹೋಗ್ಲಿ ಬಿಡ್ರಿ. ನಮ್ಮ ಮನಿ ನೀರಿನ ಮೋಟರ್ ಸುಟ್ಟಿದ್ದು ಆ ಎಲೆಕ್ಟ್ರಿಷಿಯನ್ ಕೈಯಿಂದ ಅಂತ ಈಕಿ ಇವತ್ತಿಗೂ ನಂಬ್ಯಾಳ" ಎಂದರು.

ಚಹಾದ ತಟ್ಟೆ ಹಿಡಿದ ಸುಮಿತ್ರಾ ಅಷ್ಟರಲ್ಲಾಗಲೇ ಅವರ ಬೆನ್ನ ಹಿಂದೆ ನಿಂತಿದ್ದರು.

ಮರುದಿನ ಬೆಳಿಗ್ಗೆ ದಾದಾಪೀರನ ಶೆಡ್ಡಿನ ಮುಂದೆ ಷಡ್ಡಕರ ಕಾರು ನಿಂತಿತ್ತು. ಷಡ್ಡಕರು ಮಾತ್ರ ಎಲೆಕ್ಟ್ರಿಷಿಯನ್ನನ ಮನೆ ಹುಡುಕಿಕೊಂಡು ಬಿಸಿಲಿನಲ್ಲಿ ನಡೆದೇ ಹೋಗಿದ್ದರಂತೆ.