ದಪ್ಪ ಅಟ್ಟೆಯ ಬೂಟಿನ ಪ್ರೇಮಿ

ನಮ್ಮ ನಾಟಕಗಳಲ್ಲಿ ಬರುವ ಪ್ರೇಮಿಯಂಥ ಗಂಡಸು ಭೂಮಿಯ ಮೇಲೆ ಹುಟ್ಟಿಲ್ಲ. ತೋಟದ ಗೋಡೆಯಾಚೆ ಹುಡುಗಿಯನ್ನು ಒಮ್ಮೆ ಕಂಡರೆ ಸಾಕು, ಅನ್ನ ಬಿಡುತ್ತಾನೆ, ಜ್ವರ ಹಿಡಿದು ಮಲಗುತ್ತಾನೆ, ಬೀಸಣಿಗೆಯ ಮೇಲೆ ಪದ್ಯ ಬರೆದು ಗಳಗಳನೆ ಅಳುತ್ತಾನೆ. ರಾಜಧಾನಿಗೆ ಹೋಗಿ ಅಧಿಕಾರಿಗಳ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದರೂ ಅವಳನ್ನು ಮರೆಯುವುದಿಲ್ಲ. ಇಂಥವನನ್ನು ಆಡಲು ಗಂಡಸರ ಕೈಲಾಗುವುದಿಲ್ಲ ಎಂದೇ ಶೆಂಗ್‌ಝೋ ಸೀಮೆಯ ನಮ್ಮ ಕಂಪನಿಗಳಲ್ಲಿ ಪ್ರೇಮಿಯ ಪಾತ್ರವನ್ನು ಹೆಂಗಸರು ಕಟ್ಟುತ್ತಾರೆ. ನಾನು ಉಡುಪಿನ ಪೆಟ್ಟಿಗೆ ಕಾಯುವವಳು. ನನ್ನ ಗಂಡನನ್ನೂ ನೋಡಿದ್ದೇನೆ, ಈ ಪ್ರೇಮಿಗಳನ್ನೂ ನೋಡಿದ್ದೇನೆ. ಆ ಮಾತು ಬಿಡಿ.

ನಮ್ಮ ಕಂಪನಿಯ ಪ್ರೇಮಿ ಯಿನ್‌ಲಿಯೆನ್. ಚಹಾ ಕೀಳುವವರ ಮನೆಯ ಎತ್ತರದ ಹುಡುಗಿ. ಎತ್ತರ ನೋಡಿಯೇ ದಪ್ಪ ಅಟ್ಟೆಯ ಬೂಟು ಹಾಕಿಸಿ ಗಂಡು ಮಾಡಿದರು. ರಂಗದ ಮೇಲೆ ಅವಳ ಮಾತೆಂದರೆ ಜೇನು. ಕೆಳಗಿಳಿದರೆ ಮೂಗಿ. "ಹೂಂ", "ಉಂಡ್ಯಾ?", ಅಷ್ಟೇ ಅವಳ ಬಂಡವಾಳ.

ಅವಳ ನಾಯಕಿ ವಾನ್‌ಜೂ. ನಮ್ಮಲ್ಲಿ ನಾಯಕ ನಾಯಕಿಯರ ಜೋಡಿ ಒಮ್ಮೆ ಕೂಡಿದರೆ ಸುಲಭಕ್ಕೆ ಮುರಿಯುವುದಿಲ್ಲ, ಊರಿನವರು ಜೋಡಿಯ ಹೆಸರು ಹೇಳಿಯೇ ಆಟ ಕರೆಸುತ್ತಾರೆ. ಇವರಿಗೆ ಹೆಚ್ಚು ಕರೆ ಬರುತ್ತಿದ್ದ ಆಟದಲ್ಲಿ ನಾಯಕಿ ಸತ್ತ ಮೇಲೆ ಹುಡುಗ ಬಂದು, ಬಾಗಿಲಿನಿಂದ ಶವಪೆಟ್ಟಿಗೆಯವರೆಗೆ ಮಂಡಿಯ ಮೇಲೆ ಸಾಗುತ್ತ ಹಾಡಿ ಅಳುತ್ತಾನೆ. ಇಬ್ಬರಿಗೂ ಮದುವೆಯಾಗಿತ್ತು, ಮಕ್ಕಳಿದ್ದರು. ಆದರೆ ವರ್ಷದಲ್ಲಿ ಹೆಚ್ಚು ದಿನ ಅವರು ಮಲಗುತ್ತಿದ್ದುದು ಯಾವುದೋ ಊರ ಗುಡಿಯ ರಂಗದ ಹಿಂದೆ, ಒಂದೇ ಚಾಪೆಯ ಮೇಲೆ. ಹಾಗೆ ಮೂವತ್ತು ವರ್ಷ ಕಳೆಯಿತು.

ವಾನ್‌ಜೂ ಬಾಯಿಬಡುಕಿ. "ಏನ್ರೀ ಯಜಮಾನ್ರೇ, ಮೇಲೆ ನನಗೋಸ್ಕರ ಪ್ರಾಣ ಬಿಡ್ತೀರ, ಕೆಳಗಿಳಿದ್ರೆ ಒಂದ್ ಲೋಟ ಬಿಸಿನೀರು ಕೊಡಕ್ಕೂ ಕೈ ಬರಲ್ವಾ?" ಎಂದು ಎಲ್ಲರೆದುರು ರೇಗಿಸುತ್ತಿದ್ದಳು. ಯಿನ್‌ಲಿಯೆನ್ ಎದ್ದು ಹೋಗಿ ನೀರು ತರುತ್ತಿದ್ದಳು.

ಆ ವರ್ಷ ವಾನ್‌ಜೂಗೆ ಯಕೃತ್ತಿನ ಕಾಯಿಲೆ ಬಂತು. ಕಂಪನಿ ಬಿಟ್ಟು ಮನೆಗೆ ಹೋದಳು, ಮನೆಯಿಂದ ಆಸ್ಪತ್ರೆಗೆ. ಯಿನ್‌ಲಿಯೆನ್‌ಗೆ ಹೊಸ ನಾಯಕಿಯನ್ನು ಗಂಟುಹಾಕಿದರು. ಒಂದು ದಿನ ಆಟ ಮುಗಿದು ನಾನು ನಿಲುವಂಗಿ ಮಡಿಚುವಾಗ ಯಿನ್‌ಲಿಯೆನ್ ನನ್ನ ಬಳಿ ಬಂದು ಕೂತಳು.

"ಅಕ್ಕ, ನಾನು ವಾನ್‌ಜೂಗೆ ಒಂದ್ ಮಾತು ಹೇಳ್ಬೇಕು."

"ಹೇಳು. ಬೇಡ ಅಂದೋರ್ ಯಾರು?"

"ಹಾಡಿನ ಮಾತಲ್ಲ. ನನ್ನದು."

"ಏನಂತ?"

ನಿಲುವಂಗಿಯ ಉದ್ದ ತೋಳನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. "ಅವಳಿಲ್ದಿದ್ರೆ ನಾನು ಯಾರೂ ಆಗ್ತಿರ್ಲಿಲ್ಲ ಅಂತ. ಗಂಡ ಮಕ್ಕಳು ಎಲ್ಲಾ ಸರಿ. ಆದ್ರೆ ಬದುಕಿದ್ದು ಅವಳ್ ಜೊತೆ ಅಂತ."

"ಅಷ್ಟನ್ನೇ ಹೇಳು, ಸಾಕು" ಎಂದೆ.

ಅಕ್ಕಿ ಕಡುಬು ಕಟ್ಟಿಕೊಂಡು ಇಬ್ಬರೂ ಆಸ್ಪತ್ರೆಗೆ ಹೋದೆವು. ವಾನ್‌ಜೂ ಅರಿಸಿನ ಬಳಿದಂತೆ ಹಳದಿಯಾಗಿದ್ದಳು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಬಂದ್ರಾ ಯಜಮಾನ್ರು? ನಾಟಕದಲ್ಲಾದ್ರೆ ನಾನ್ ಸತ್ತ ಮೇಲೇ ನೀವು ಬರೋದು."

ಯಿನ್‌ಲಿಯೆನ್ ಮಂಚದ ಪಕ್ಕ ಕೂತಳು. ತುಟಿ ಅಲುಗಿತು. "ಉಂಡ್ಯಾ?" ಎಂದಳು.

ವಾನ್‌ಜೂ ನಕ್ಕಳು, ಆಮೇಲೆ ನಗು ನಿಂತಿತು. "ಇಷ್ಟ್ ವರ್ಷ ಹೆಣದ ಥರ ಕಣ್ಮುಚ್ಚಿ ಮಲಗಿ ನಿನ್ ಅಳು ಕೇಳಿದೀನಿ. ಇವತ್ತು ಕಣ್ ಬಿಟ್ಕೊಂಡಿದೀನಿ ಕಣೇ. ಏನಾದ್ರೂ ಹೇಳು."

ಯಿನ್‌ಲಿಯೆನ್ ಕಿತ್ತಳೆ ಸುಲಿಯತೊಡಗಿದಳು. ಬಿಳಿ ನಾರನ್ನೆಲ್ಲ ಬಿಡಿಸಿ ತೊಳೆಗಳನ್ನು ತಟ್ಟೆಯಲ್ಲಿ ಜೋಡಿಸಿದಳು. "ಕಡುಬು ತಂದಿದೀನಿ" ಎಂದಳು. ವಾನ್‌ಜೂ ಗೋಡೆಯ ಕಡೆ ತಿರುಗಿಕೊಂಡಳು. ಯಿನ್‌ಲಿಯೆನ್‌ಳ ಕೆನ್ನೆಗೆ ಬಾರಿಸಬೇಕೆನಿಸಿತು ನನಗೆ.

"ಬಾಯಿಗೆ ಬಂದಿದ್ದೆಲ್ಲ ಆ ನಾಟಕದ ಹುಡುಗನ ಮಾತೇ ಅಕ್ಕ" ಎಂದಳು ಬಸ್ಸಿನಲ್ಲಿ. "ಊರೂರಲ್ಲಿ ಹೇಳಿದ್ದನ್ನೇ ಅವಳಿಗೆ ಹೇಗ್ ಹೇಳ್ಲಿ? ಮುಂದಿನ ವಾರ ಬಂದು ಹೇಳ್ತೀನಿ."

ಮುಂದಿನ ವಾರದವರೆಗೆ ವಾನ್‌ಜೂ ಉಳಿಯಲಿಲ್ಲ.

ನಮ್ಮ ಕಡೆ ಸಾವಿನ ಮನೆಗೆ ನಾಟಕದವರನ್ನು ಕರೆಸಿ ಅಳಿಸುತ್ತಾರೆ. ಅಳು ಜೋರಾದಷ್ಟೂ ಸತ್ತವರಿಗೆ ಮರ್ಯಾದೆ. ವಾನ್‌ಜೂಳ ಗಂಡ ಬೋಗೆನ್ ತಾನೇ ಬಂದು ಕರೆದ. "ವೇಷ ಹಾಕ್ಕೊಂಡೇ ಬರ್ಬೇಕು ಯಿನ್‌ಲಿಯೆನಕ್ಕ. ನೀವಿದ್ದು ಬೇರೆಯವರು ಅತ್ರೆ ಊರೋರು ನನ್ನ ಉಗೀತಾರೆ."

ಹೋಗುವುದಾದರೆ ಹಾಗೇ ಹೋಗು, ವೇಷ ಬೇಡ ಎಂದೆ. "ಹೇಗಾದ್ರೂ ಸರಿ, ಇವತ್ತಾದ್ರೂ ಹೇಳ್ತೀನಿ" ಎಂದಳು. ಬಿಳಿ ನಿಲುವಂಗಿ ತೊಡಿಸಿದೆ. ಬೂಟು ಹಾಕಿಸಿದೆ.

ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಜನ ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದರು. ಪಿಟೀಲು ಶುರುವಾಯಿತು. ಯಿನ್‌ಲಿಯೆನ್ ಕೈ ಎತ್ತಿ ನಿಲ್ಲಿಸಿದಳು. ಮೈಕು ಕೆಳಗಿಟ್ಟು ಶವಪೆಟ್ಟಿಗೆಯ ಹತ್ತಿರ ಹೋದಳು.

"ವಾನ್‌ಜೂ, ಅವತ್ತು ಆಸ್ಪತ್ರೇಲಿ ನಾನು..."

ಮನೆಯಲ್ಲಿ ಆಡುವ ಅದೇ ಸಣ್ಣ ದನಿ.

"ಏನೂ ಕೇಳಿಸ್ತಿಲ್ಲ, ಮೈಕ್ ಹಿಡ್ಕೊಳಮ್ಮ" ಎಂದ ಹಿಂದಿನಿಂದ ಒಬ್ಬ.

"ಮಾತಾಡಕ್ಕಾ ಕರ್ಸಿರೋದು? ಮಂಡಿಯೂರ್ಕೊಂಡ್ ಬರ್ತಾನಲ್ಲ, ಅದ್ ಮಾಡು" ಎಂದಳು ಒಬ್ಬ ಮುದುಕಿ.

ಬೋಗೆನ್ ಬಗ್ಗಿ ಬಂದು ಪಿಸುಗುಟ್ಟಿದ. "ನೆಂಟರೆಲ್ಲ ನೋಡ್ತಿದಾರಕ್ಕ. ಸ್ವಲ್ಪ ಚೆನ್ನಾಗಿ ಅಳಿ." ಅವನು ಕೆಟ್ಟವನಲ್ಲ. ಹೆಂಡತಿಗೆ ಒಳ್ಳೆಯ ಅಳು ಸಿಗಲಿ ಎಂಬುದಷ್ಟೇ ಅವನ ಆಸೆ.

ಯಿನ್‌ಲಿಯೆನ್ ಮೈಕು ಎತ್ತಿಕೊಂಡಳು. ಬಾಗಿಲಿಗೆ ಹೋಗಿ ಮಂಡಿಯೂರಿದಳು. ಅಲ್ಲಿಂದ ಪೆಟ್ಟಿಗೆಯವರೆಗೆ ಮಂಡಿಯ ಮೇಲೇ ಬಂದಳು, ಆ ಹುಡುಗನ ಮಾತುಗಳನ್ನು ಒಂದೂ ಬಿಡದೆ ಹಾಡುತ್ತ. ಅಂಥ ದನಿ ನಾನು ಅವಳ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಪೆಟ್ಟಿಗೆ ತಬ್ಬಿಕೊಂಡವಳು ಹಾಡು ಮುಗಿದರೂ ಬಿಡಲಿಲ್ಲ, ಅಳುತ್ತಲೇ ಇದ್ದಳು. ಜನ ಭಲೇ ಎಂದರು. "ನೋಡು, ನಿಜವಾಗ್ಲೂ ಅಳ್ತಿರೋ ಹಾಗೇ ಇದೆ" ಎಂದಳು ಮುದುಕಿ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆದರೂ ನಿಂತೆ.

ಅಷ್ಟರಲ್ಲಿ ಹೊರಗೆ ಒಂದು ಕಾರು ನಿಂತಿತು. ಬೋಗೆನ್ ಓಡಿ ಹೋಗಿ, ತಿರುಗಿ ಬಂದ.

"ಯಿನ್‌ಲಿಯೆನಕ್ಕ, ಅವಳ ಸೋದರಮಾವ ಈಗ್ ಬಂದ್ರು. ಹಾಂಗ್‌ಝೋದಿಂದ. ಏನೂ ನೋಡ್ಲಿಲ್ಲ ಪಾಪ. ಇನ್ನೊಂದ್ ಸಲ, ಮೊದಲಿಂದ."

ಯಿನ್‌ಲಿಯೆನ್ ಎದ್ದಳು. ಮುಖ ಒರೆಸಿಕೊಂಡು ಬಾಗಿಲಿಗೆ ನಡೆದು ಮತ್ತೆ ಮಂಡಿಯೂರಿದಳು. ಈ ಸಲ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಒಂದು ಸ್ವರವೂ ತಪ್ಪಲಿಲ್ಲ.

ಎರಡನೆಯದೇ ಚೆನ್ನಾಗಿತ್ತು ಎಂದರು ಜನ.