ಮೇಲಿನ ಕ್ರಾಸಿನವರು ಎತ್ತಿದ ಮುಚ್ಚಳ

ಭಾನುವಾರ ಮಧ್ಯಾಹ್ನ, ಜೋರು ಮಳೆ. ಬಚ್ಚಲಿನಲ್ಲಿ ಗುಳುಗುಳು ಶಬ್ದ ಕೇಳಿ ಹೋಗಿ ನೋಡಿದರೆ ನೆಲದ ಜಾಲರಿಯಿಂದ ಕಪ್ಪು ನೀರು ಉಕ್ಕುತ್ತಿತ್ತು. ಆಮೇಲೆ ಕಮೋಡ್‌ನಿಂದಲೂ…

ನಮ್ಮದು ಪೀಣ್ಯದ ಹಿಂದಿನ ಇಳಿಜಾರು ಲೇಔಟ್. ಕಟ್ಟಕಡೆಯ ಕ್ರಾಸ್, ಗ್ರೌಂಡ್ ಫ್ಲೋರ್. ಬೀದಿಯ ನೀರು ಬರದಿರಲಿ ಅಂತ ಹೊಸ್ತಿಲು ಎತ್ತರಿಸಿಕೊಂಡಿದ್ದೇವೆ. ಆದರೆ ಇದು ಊರವರ ಪಾಯಿಖಾನೆ ನೀರು, ಮನೆಯೊಳಗಿನಿಂದಲೇ ಎದ್ದು ಬಂದದ್ದು.

ಜಾಲರಿಗೆ ಹಳೇ ಸೀರೆ ತುರುಕಿ ಮೇಲೆ ಗ್ರೈಂಡರ್ ಕಲ್ಲು ಹೇರಿದೆ. ಅದರ ಸಂದಿಯಿಂದಲೂ ಉಕ್ಕಿಕೊಂಡು ಬಂತು. ಮನೆಯೆಲ್ಲ ಗಬ್ಬು ನಾತ.

ಒಳಗಿನ ರೂಮಿನಲ್ಲಿ ನಮ್ಮಮ್ಮ. ಶುಗರ್ ಪೇಷಂಟ್. ಕಾಲಿನ ಹೆಬ್ಬೆರಳು ತೆಗೆಸಿಕೊಂಡು ಹಿಂದಿನ ವಾರವಷ್ಟೇ ಆಸ್ಪತ್ರೆಯಿಂದ ಬಂದಿದ್ದಳು.

"ಗಾಯಕ್ಕೆ ನೀರು ತಾಗ್ಬಾರ್ದು ಮೇಡಂ, ಇನ್‌ಫೆಕ್ಷನ್ ಆದ್ರೆ ಪಾದ ಉಳಿಯಲ್ಲ" ಅಂತ ಡಾಕ್ಟರ್ ಒತ್ತಿ ಒತ್ತಿ ಹೇಳಿದ್ದರು.

ನಾನು ಬಕೆಟ್ ಹಿಡಿದು ಒದ್ದಾಡುತ್ತಿದ್ದಾಗ ಅಮ್ಮ ಮಂಚದಿಂದ ಇಳಿದೇಬಿಟ್ಟಳು. ನಮ್ಮ ದೇವರ ಪೀಠ ಇರುವುದು ನೆಲದ ಮೇಲೆ. ಅದನ್ನು ಎತ್ತಿಡಬೇಕಂತೆ!

"ಇಳೀಬೇಡಮ್ಮಾ!" ಅಂತ ಕಿರುಚಿದೆ.

"ದೇವ್ರಿಗೆ ಹೇಲ್ನೀರು ಮುಟ್ಟುಸ್ಲೇನೇ?" ಅಂದಳು. ಅಷ್ಟರಲ್ಲಿ ಬಿಳಿ ಬ್ಯಾಂಡೇಜ್ ಪೂರ್ತಿ ಕಪ್ಪಾಗಿತ್ತು.

ಗಂಡ ಡ್ಯೂಟಿಯಲ್ಲಿದ್ದರು. ಅಮ್ಮನನ್ನು ಮಹಡಿ ಮನೆಯವರ ಹತ್ತಿರ ಕೂರಿಸಿ ಆಟೋ ಹುಡುಕಿಕೊಂಡು ಓಡಿದೆ. ಮೇಲಿನ ಕ್ರಾಸ್‌ನಲ್ಲಿ ಏನು ಕಂಡೆ ಗೊತ್ತಾ?

ಎಲ್ಲರ ಮನೆಯ ಪಾಯಿಖಾನೆ ಪೈಪು ಸೇರುವ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟಿದ್ದಾರೆ. ರಸ್ತೆಯ ಮಳೆನೀರೆಲ್ಲ ಸುಳಿ ತಿರುಗುತ್ತಾ ಅದರೊಳಗೆ ಇಳಿಯುತ್ತಿದೆ. ಆ ಪೈಪು ತುಂಬಿದರೆ ಹೊಲಸೆಲ್ಲ ಉಕ್ಕುವುದು ಕಟ್ಟಕಡೆಯ ತಗ್ಗಿನ ಮನೆಯಲ್ಲೇ. ಹಾರೆ ಹಿಡಿದು ನಿಂತವರು ರಾಜಣ್ಣ, ಫ್ಯಾಕ್ಟರಿಯಿಂದ ರಿಟೈರ್ ಆದವರು, ಲೇಔಟ್‌ನಲ್ಲಿ ಎಲ್ಲರ ಕೆಲಸಕ್ಕೂ ಮುಂದೆ ಬರುವವರು. ಸುತ್ತ ನಾಲ್ಕು ಜನ ವಿಡಿಯೋ ಮಾಡುತ್ತಿದ್ದಾರೆ.

"ಯಾರೋ ಬರ್ತಾರೆ ಅಂತ ಕಾಯ್ಕೊಂಡು ಕೂತ್ರೆ ಆಗಲ್ಲಮ್ಮ. ಮುಚ್ಚಳ ತೆಗುದ್ರೆ ರೋಡು ಕ್ಲಿಯರ್!" ಅಂತ ನನ್ನ ಮುಂದೆಯೇ ಹೆಮ್ಮೆ ಬೇರೆ.

"ಆ ನೀರು ಎಲ್ಲಿಗೆ ಹೋಗ್ತಿದೆ ರಾಜಣ್ಣ? ನಮ್ ಬಚ್ಚಲಿಗೆ! ನಮ್ಮಮ್ಮನ ಗಾಯಕ್ಕೆ!"

ಅವರು ಹಾರೆ ಕೆಳಗಿಟ್ಟರು. ವಿಡಿಯೋ ಮಾಡುತ್ತಿದ್ದವರೊಬ್ಬರು ಮಾತ್ರ ಆರಾಮಾಗಿ, "ನಿಮ್ಮನೆ ತಗ್ಗಲ್ಲಿದೆ ಅಲ್ವಾ ಮೇಡಂ, ಏನ್ ಮಾಡೋಕಾಗುತ್ತೆ" ಅಂದರು.

ಮೈಯೆಲ್ಲ ಉರಿದುಹೋಯಿತು. ತಗ್ಗಿನಲ್ಲಿ ಮನೆ ಇದ್ದರೆ ನಿಮ್ಮ ಹೊಲಸು ತುಂಬಿಕೊಳ್ಳಬೇಕಾ? ನಾವೇನು ನಿಮ್ಮ ಪಾಯಿಖಾನೆ ಗುಂಡೀನಾ? ಬಾಯಿಗೆ ಬಂದಹಾಗೆ ಬೈದೆ. ಮುಚ್ಚಳ ಹಾಕಿಸದೆ ಅಲ್ಲಿಂದ ಕದಲಲಿಲ್ಲ.

ರಾಜಣ್ಣನೇ ತಲೆ ತಗ್ಗಿಸಿಕೊಂಡು ಮುಚ್ಚಿದರು, ಆಟೋ ಕೂಡ ಅವರೇ ಹಿಡಿದುಕೊಟ್ಟರು. ಕೆಟ್ಟವರಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸುವುದು. ಪ್ರತಿ ಮಳೆಗೂ ಇದನ್ನೇ ಸಮಾಜಸೇವೆ ಅಂತ ಮಾಡಿಕೊಂಡು ಬಂದಿದ್ದಾರೆ, ನಾವೆಲ್ಲ ಹೊಗಳಿಕೊಂಡು ಬಂದಿದ್ದೇವೆ, ಈ ಸಲದ ಹಾಗೆ ನೀರು ನಮ್ಮನೆಗೆ ಎಂದೂ ಏರಿರಲಿಲ್ಲವಲ್ಲ.

ಅದಾಗಿ ಐದು ದಿನ, ಈಗ ಆಸ್ಪತ್ರೆಯ ವಾರ್ಡಿನ ಹೊರಗೆ ಕೂತು ಬರೆಯುತ್ತಿದ್ದೇನೆ. ಕೀವು ಮೇಲಕ್ಕೆ ಹತ್ತಿದೆಯಂತೆ. ನಾಳೆ ಬೆಳಿಗ್ಗೆ ಅಮ್ಮನ ಪಾದ ತೆಗೆಯುತ್ತಾರೆ. ಅವಳಿಗೆ ಇನ್ನೂ ಹೇಳಿಲ್ಲ… ಹೇಗೆ ಹೇಳಲಿ?

ಮಳೆ ಬಂದಾಗ ನಿಮ್ಮ ರಸ್ತೆಯಲ್ಲೂ ಮುಚ್ಚಳ ಎತ್ತುತ್ತಾರಾ? ಎತ್ತುವ ಮುಂಚೆ, ಕೆಳಗಿನ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಒಂದು ಸಲವಾದರೂ ಹೋಗಿ ನೋಡಿದ್ದೀರಾ?